ಎರಡು ಚಾವಿ ಗುರುತಿನ ಹಂಚು

ನನ್ನ ಡೈರಿಯನ್ನು ಅಷ್ಟಾಗಿ ನಂಬಬಾರದು. ಔಷಧ ಕಂಪೆನಿಯವರು ಡಾಕ್ಟರರಿಗೆ ಕೊಟ್ಟು, ಡಾಕ್ಟರರು ದೊಡ್ಡ ಮಾಮನಿಗೆ ಕೊಟ್ಟು, ದೊಡ್ಡ ಮಾಮ ಎರಡು ವರ್ಷ ಕಪಾಟಿನಲ್ಲಿ ಮರೆತಿಟ್ಟು ಕೊನೆಗೆ ನನಗೆ ದಾಟಿಸಿದ ಡೈರಿ ಅದು. ಹಾಗಾಗಿ ಅದರಲ್ಲಿ ಅಚ್ಚಾದ ವಾರಗಳಿಗೂ ನಾನು ಬದುಕಿದ ವಾರಗಳಿಗೂ ತಾಳೆಯಿಲ್ಲ. ಭಾನುವಾರದ ಪುಟದಲ್ಲಿ ನಾನು ಬ್ಯಾಂಕಿಗೆ ಹೋಗಿ ಬಂದಿದ್ದೇನೆ. ಅದು ಎಂಬತ್ತೊಂದನೇ ಇಸವಿಯೋ ಎಂಬತ್ತೆರಡೋ ಎಂದು ಕೇಳಿದರೆ ಅಮ್ಮ ಒಂದು ಹೇಳುತ್ತಾರೆ, ಮಾಮಿ ಇನ್ನೊಂದು. ಸಾಲದ್ದಕ್ಕೆ ನಮ್ಮ ಮನೆಯ ಮಾತೆಲ್ಲ ತುಳು, ನಾನು ಬರೆಯುವುದು ಕನ್ನಡ. ಇಲ್ಲಿ ಯಾರು ಬಾಯಿ ತೆರೆದರೂ ಅದರಲ್ಲಿ ಸ್ವಲ್ಪ ನನ್ನ ಬಾಯಿಯೂ ಸೇರಿದೆ ಎಂದು ತಿಳಿಯಬೇಕು.

ಸಣ್ಣ ಮಾಮನ ಕಾಗದ ಬಂದದ್ದು ಮಳೆಗಾಲಕ್ಕೆ ಎರಡು ತಿಂಗಳಿರುವಾಗ. ಅದು ಮಾತ್ರ ಖಂಡಿತ. ಮಳೆ ಹಿಡಿದ ಮೇಲೆ ಬಂದಿದ್ದರೆ ಈ ಕತೆಯೇ ನಡೆಯುತ್ತಿರಲಿಲ್ಲ.

ಸಣ್ಣ ಮಾಮ ಅಂದರೆ ಅಮ್ಮನ ತಮ್ಮ. ಅವರು ಆಗ ಗಲ್ಫಿನ ಒಂದು ಊರಿನಲ್ಲಿದ್ದರು. ಅವರ ಹೆಂಡತಿ, ನನ್ನ ಮಾಮಿ, ಮಂಗಳೂರಿನ ಮಣ್ಣಗುಡ್ಡದಲ್ಲಿ ನಮ್ಮ ಜೊತೆಗೇ ಇದ್ದರು. ದೊಡ್ಡ ಮಾಮ ಅಮ್ಮನ ಅಣ್ಣ. ನಮ್ಮ ಗದ್ದೆಗಳೆಲ್ಲ ಭೂಸುಧಾರಣೆಯ ಡಿಕ್ಲರೇಶನಿನಲ್ಲಿ ಒಕ್ಕಲಿನವರಿಗೆ ಹೋಗುವ ಮೊದಲೇ ಅವರು ಪೇಟೆಯಲ್ಲಿ ಊಟದ ಹೋಟೆಲು ತೆರೆದು, ತಮ್ಮನನ್ನು ಕ್ಯಾಶಿನಲ್ಲಿ ಕೂರಿಸಿದ್ದರು. ಆರು ವರ್ಷ ಸಣ್ಣ ಮಾಮ ಆ ಕುರ್ಚಿಯಲ್ಲಿ ಕೂತರು, ಆರು ವರ್ಷ ದೊಡ್ಡ ಮಾಮ ಅವರ ಬೆನ್ನ ಹಿಂದೆ ನಿಂತರು.

"ಗಿರಾಕಿಗೆ 'ಬನ್ನಿ' ಹೇಳುವಾಗ ಹಲ್ಲು ಕಾಣಬೇಕು. ನೀನು ಹೇಳುದು ಹೆಣಕ್ಕೆ ಬಂದವರಿಗೆ ಹೇಳಿದ ಹಾಗೆ ಉಂಟು."

ಒಂದು ದಿನ ಸಣ್ಣ ಮಾಮ ಎದ್ದು, ಹಲ್ಲು ಕಾಣುವ ಹಾಗೆ "ಬನ್ನಿ, ನೀವೇ ಕೂತುಕೊಳ್ಳಿ" ಎಂದು ಅಣ್ಣನಿಗೇ ಹೇಳಿ ಹೊರಟವರು, ಮೂರು ತಿಂಗಳಲ್ಲಿ ಮರಳುಗಾಡಿನಲ್ಲಿದ್ದರು. ಇನ್ನು ಆ ಕುರ್ಚಿಯಲ್ಲಿ ಕೂರುವುದಿಲ್ಲ ಎಂದು ಮಾಮಿಯ ಹತ್ತಿರ ಆಣೆ ಹಾಕಿದ್ದರಂತೆ. ದೊಡ್ಡ ಮಾಮ ಬೇರೆ ಜನ ಇಡಲಿಲ್ಲ. ತಾವೂ ಕೂರಲಿಲ್ಲ. ಖಾಲಿ ಕುರ್ಚಿಯ ಪಕ್ಕದಲ್ಲಿ ನಿಂತುಕೊಂಡೇ ದುಡ್ಡು ತೆಗೆದುಕೊಳ್ಳುತ್ತಿದ್ದರು. ಯಾರಾದರೂ ಕೇಳಿದರೆ, "ಬರ್ತಾನೆ ಬಿಡಿ, ಮರಳಲ್ಲಿ ಎಂತ ಉಂಟು?" ಎನ್ನುತ್ತಿದ್ದರು.

ಮರಳಲ್ಲಿ ಎಂತ ಉಂಟು ಎಂಬುದು ನಮಗೆ ತಿಳಿಯುತ್ತಿದ್ದದ್ದು ಸಣ್ಣ ಮಾಮನ ಕಾಗದಗಳಿಂದ. ಅವರಿಗೆ ಒಂದು ಎತ್ತರದ ಕಟ್ಟಡದ ಕೆಲಸದಲ್ಲಿ ಸಿಮೆಂಟು ಚೀಲ ಲೆಕ್ಕ ಮಾಡುವ ಸ್ಟೋರ್ ಕೀಪರ್ ಹುದ್ದೆ. ಊರು ದಿನದಿನಕ್ಕೆ ಬೆಳೆಯುತ್ತಿದೆ, ಬೆಳಿಗ್ಗೆ ಇದ್ದ ದಾರಿ ಸಂಜೆಗೆ ಇರುವುದಿಲ್ಲ ಎಂದು ಬರೆಯುತ್ತಿದ್ದರು. ಸಮುದ್ರದೊಳಗಿಂದ ತೆಗೆದ ಕಲ್ಲಿಗೆ ಸುಣ್ಣ ಮೆತ್ತಿ ಕಟ್ಟಿದ ಹಳೆಯ ಮನೆಗಳು ಸಮುದ್ರ ಊರೊಳಗೆ ನುಗ್ಗಿದ ಹಳ್ಳದ ಬದಿಯಲ್ಲಿ ಇನ್ನೂ ನಿಂತಿವೆ, ಒಂದೊಂದನ್ನೇ ಕೆಡವುತ್ತಿದ್ದಾರೆ ಎಂದೂ ಇರುತ್ತಿತ್ತು. 'ಇಲ್ಲಿ ಮನೆಯ ಮೇಲೆ ಗಾಳಿ ಹಿಡಿಯಲಿಕ್ಕೆಂದೇ ಒಂದು ಗೋಪುರ ಕಟ್ಟುತ್ತಾರೆ. ಗಾಳಿ ಅದರಲ್ಲಿ ಇಳಿದು ಕೋಣೆಗೆ ಬರುತ್ತದೆ. ಅಣ್ಣ ಹೋಟೆಲಿಗೆ ಒಂದು ಫ್ಯಾನು ಹಾಕಲು ಎರಡು ವರ್ಷ ತೆಗೆದುಕೊಂಡದ್ದನ್ನು ಇಲ್ಲಿ ಎಲ್ಲರಿಗೂ ಹೇಳಿದ್ದೇನೆ.' ಇಂಥ ವಾಕ್ಯಗಳನ್ನು ಮಾಮಿ ದೊಡ್ಡ ಮಾಮನ ಎದುರು ಸ್ವಲ್ಪ ಗಟ್ಟಿಯಾಗಿ ಓದುತ್ತಿದ್ದರು.

ಈ ಸಲದ ಕಾಗದ ನನ್ನ ಹೆಸರಿಗೆ ಬಂದಿತ್ತು. ಕಟ್ಟಡದ ಕೆಲಸ ಮುಗಿಯುತ್ತ ಬಂದಿದೆ, ಮುಗಿದ ಕೂಡಲೇ ಸ್ಟೋರು ಬಂದ್, ಕೈಗೆ ಟಿಕೇಟು ಕೊಟ್ಟು ಊರಿಗೆ ಕಳಿಸುತ್ತಾರೆ. ಆದರೆ ಒಂದು ದಾರಿ ಉಂಟು. ಹಳ್ಳದ ಬದಿಯ ಒಬ್ಬ ಹಳೆಯ ವ್ಯಾಪಾರಿಯ ಮನೆಯನ್ನು ಕೆಡವದೆ ರಿಪೇರಿ ಮಾಡಿ ಉಳಿಸಬೇಕೆಂದು ತೀರ್ಮಾನವಾಗಿದೆ. ಆ ಮನೆಯ ಮುಂದಿನ ಜಗಲಿಗೆ, ಆ ಊರಿನಲ್ಲಿ ಎಲ್ಲೂ ಕಾಣದ ಹಂಚಿನ ಮಾಡು. ಲಂಡನ್ ಕಡೆಯ ಎಂಜಿನಿಯರ್ ಒಂದು ಹಂಚು ತೆಗೆದು ಮಗುಚಿ ನೋಡಿದರೆ ಅಡಿಯಲ್ಲಿ ಎರಡು ಚಾವಿಗಳ ಮುದ್ರೆ, ಅದರ ಕೆಳಗೆ ಮಂಗಳೂರು ಎಂದು ಇಂಗ್ಲಿಷಿನಲ್ಲಿ. ಕೂಡಲೇ ಅವನು ಕೆಲಸದವರನ್ನೆಲ್ಲ ಸೇರಿಸಿ, ಈ ಊರಿನವರು ಯಾರಾದರೂ ಇದ್ದೀರಾ ಎಂದು ಕೇಳಿದ. ಸಣ್ಣ ಮಾಮ ಕೈ ಎತ್ತಿದರು.

'ಹಂಚಿನ ವಿಷಯ ಗೊತ್ತುಂಟಾ ಎಂದು ಕೇಳಿದ. ನಮ್ಮ ಊರಿನಲ್ಲಿ ಮಕ್ಕಳು ಹುಟ್ಟಿದ ಕೂಡಲೇ ಮೊದಲು ನೋಡುವುದೇ ಹಂಚು ಎಂದೆ. ಈಗ ಅವನು ನನ್ನನ್ನು ಹಂಚಿನ ಎಕ್ಸ್‌ಪರ್ಟ್ ಎಂದು ಕರೆಯುತ್ತಾನೆ.'

ಸಣ್ಣ ಮಾಮ ಜೀವಮಾನದಲ್ಲಿ ಒಂದು ಹಂಚನ್ನೂ ಕೈಯಲ್ಲಿ ಹಿಡಿದವರಲ್ಲ. ಸೋರುವಾಗ ಕೆಳಗೆ ಬಾಲ್ದಿ ಇಟ್ಟದ್ದಷ್ಟೇ ಅವರ ಅನುಭವ.

ಬೇಕಾದದ್ದು ನಾಲ್ಕು ನೂರು ಹಂಚು. ಅದೇ ಎರಡು ಚಾವಿ ಗುರುತಿನದ್ದು, ಹಳೆಯದ್ದೇ. ಹೊಸ ಹಂಚನ್ನು ಎಂಜಿನಿಯರ್ ಮುಟ್ಟುವುದಿಲ್ಲ. ಖರ್ಚೆಲ್ಲ ಅವರದ್ದು. ಹಂಚು ಬಂದರೆ ಸಣ್ಣ ಮಾಮ ಆ ಮನೆಯ ಕೆಲಸಕ್ಕೆ ಖಾಯಂ, ಬರದಿದ್ದರೆ ಟಿಕೇಟು ಮತ್ತು ಕುರ್ಚಿ. ಮಳೆಗಾಲದಲ್ಲಿ ಬಂದರಿನಿಂದ ಮಂಜಿಗಳು, ಅಂದರೆ ಸರಕಿನ ಮರದ ಹಡಗುಗಳು, ಹೊರಡುವುದಿಲ್ಲ. ಆದ್ದರಿಂದ ಅದರೊಳಗೆ ಆಗಬೇಕು. 'ನೀನು ಹಿಸ್ಟರಿ ಎಂ.ಎ. ಹಳೆಯ ಕಟ್ಟಡಗಳ ವಿಷಯ ನಿನಗೇ ಗೊತ್ತು,' ಎಂದು ಮುಗಿಸಿದ್ದರು.

ನನಗೆ ಗೊತ್ತಿದೆ ಎಂದು ನಾನೂ ತಿಳಿದಿದ್ದೆ. ಮೈಸೂರಿನಿಂದ ಎಂ.ಎ. ಮುಗಿಸಿ ಬಂದು, ಕಾಲೇಜಿನ ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದ ದಿನಗಳು ಅವು. ಊರಿನಲ್ಲಿ ಒಂದೊಂದೇ ಹಳೆಯ ಮನೆ ಬಿದ್ದು ಅಲ್ಲಿ ಲಾಡ್ಜಿಂಗು ಏಳುವುದನ್ನು ನೋಡಿ, 'ನಮ್ಮ ಪರಂಪರೆಯ ಕಟ್ಟಡಗಳನ್ನು ಉಳಿಸಿ' ಎಂದು ಪತ್ರಿಕೆಗೆ ಮೂರು ಪತ್ರ ಬರೆದಿದ್ದೆ. ಒಂದು ಅಚ್ಚಾಗಿತ್ತು. ಅದರಲ್ಲಿಯೂ ಅರ್ಧ ಕತ್ತರಿಸಿ, ಕೆಳಗೆ ಬೀದಿನಾಯಿಗಳ ಬಗ್ಗೆ ಬೇರೆ ಯಾರದೋ ಪತ್ರ ಹಾಕಿದ್ದರು.

ಮೊದಲು ಕಾರ್ಖಾನೆಗೆ ಹೋದೆವು, ನಾನು ಮತ್ತು ಮಾಮಿ. ಎರಡು ಚಾವಿಯ ಕಾರ್ಖಾನೆ ಕೂಳೂರಿನ ಹೊಳೆಯ ಬದಿಯಲ್ಲಿ ಇತ್ತು ಎಂದು ಯಾರೋ ಹೇಳಿದ್ದರು. ಇದ್ದದ್ದು ಒಂದು ಚಿಮಣಿ, ಸುತ್ತ ಹುಲ್ಲು, ಮತ್ತು ಒಬ್ಬ ಮುದಿ ಕಾವಲುಗಾರ.

"ನಿಂತು ಯಾವ ಕಾಲ ಆಯ್ತು. ಅಚ್ಚು ಕೂಡ ಗುಜರಿಗೆ ಹೋಗಿ ಆಯ್ತು."

"ಹಾಗಾದ್ರೆ ನೀವು ಕಾಯುದು ಎಂತ?" ಎಂದು ಮಾಮಿ ಕೇಳಿದರು.

ಅವನು ಚಿಮಣಿಯ ಕಡೆ ಕೈ ತೋರಿಸಿದ. "ಯಾರಾದ್ರೂ ಕೊಂಡು ಹೋದ್ರೆ?"

ಹಾಗಾಗಿ ಮನೆಗಳ ಮೇಲಿರುವ ಹಂಚನ್ನೇ ಹುಡುಕಬೇಕಾಯಿತು. ಹಂಚಿನ ಮುದ್ರೆ ಇರುವುದು ಅಡಿಯಲ್ಲಿ. ಹೊರಗಿನಿಂದ ಕಾಣುವುದಿಲ್ಲ. ಒಳಗೆ ಹೋಗಿ, ಹಂಚು ಹೊರುವ ಪಕಾಸಿನ ಮರಗಳ ಎಡೆಯಲ್ಲಿ ತಲೆಯೆತ್ತಿ ನೋಡಬೇಕು. ನಮ್ಮೂರಿನಲ್ಲಿ ಎಲ್ಲರಿಗೂ ತಮ್ಮ ಮನೆಯ ಹಂಚಿನ ಗುರುತು ಬಾಯಿಪಾಠ ಇರುತ್ತದೆ ಎಂದು ನಾನು ನಂಬಿದ್ದೆ. ಜ್ವರ ಬಂದು ಮಲಗಿದಾಗಲೆಲ್ಲ ಓದುವುದು ಅದನ್ನೇ ತಾನೆ? ಆದರೆ ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. "ಆನೆಯಾ? ಹೂವಾ? ಎಂತದೋ ಒಂದು ಉಂಟು, ಬಂದು ನೋಡಿ" ಎನ್ನುತ್ತಿದ್ದರು. ಬಂದು ನೋಡುವುದು ಎಂದರೆ ಕೂರುವುದು, ಬೆಲ್ಲ ನೀರು ಕುಡಿಯುವುದು, ಚಾ ಕುಡಿಯುವುದು, ನಡುವೆ ಹೇಗಾದರೂ ತಲೆಯೆತ್ತುವುದು.

ಒಂದು ವಾರದಲ್ಲಿ ಮಣ್ಣಗುಡ್ಡದಲ್ಲಿ ಎರಡು ಸುದ್ದಿ ಹುಟ್ಟಿದವು. ಒಂದು, ದೊಡ್ಡ ಮಾಮ ಹಳೆಯ ಮನೆಗಳನ್ನು ಕೊಂಡು ಕೆಡವಿ ದೊಡ್ಡ ಲಾಡ್ಜ್ ಕಟ್ಟುತ್ತಾರೆ, ಮನೆ ನೋಡಲು ಸೊಸೆಯನ್ನು ಕಳಿಸುತ್ತಿದ್ದಾರೆ ಎಂದು. (ನಮ್ಮಲ್ಲಿ ಮಾಮನಿಗೆ ತಂಗಿಯ ಮಗಳು ಸೊಸೆಯೇ.) ಇನ್ನೊಂದು, ನನಗೆ ಗಂಡು ಹುಡುಕುತ್ತಿದ್ದಾರೆ ಎಂದು. ಎರಡನೆಯದು ನಮಗೆ ತಿಳಿದದ್ದು ಒಂದು ಮನೆಯಲ್ಲಿ. ಆ ಮನೆಯ ಅಮ್ಮ ನಮ್ಮನ್ನು ಚಾವಡಿಯಲ್ಲಿ ಕೂರಿಸಿ, ಹೋಳಿಗೆ ತಂದಿಟ್ಟರು. ಯಾವ ಹಬ್ಬವೂ ಇರಲಿಲ್ಲ. ಆಮೇಲೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗನನ್ನು ಕರೆದರು. ಅವನು ಇಸ್ತ್ರಿ ಹಾಕಿದ ಅಂಗಿಯಲ್ಲಿ ಬಂದು, ದುರದೃಷ್ಟಕ್ಕೆ, ಬೆಳಕು ಬೀಳುವ ಗಾಜಿನ ಹಂಚಿನ ಸರಿ ಕೆಳಗೆ ನಿಂತ. ಅದರ ಪಕ್ಕದ ಹಂಚಿನಲ್ಲಿ ಏನೋ ಚಾವಿಯಂತೆ ಕಂಡಿತು. ನಾನು ಅವನ ತಲೆಯ ಮೇಲಿನ ಮಾಡನ್ನು ಎಡದಿಂದ ನೋಡಿದೆ, ಬಲದಿಂದ ನೋಡಿದೆ, ಕೊನೆಗೆ, "ಸ್ವಲ್ಪ ಆಚೆ ನಿಲ್ಲುತ್ತೀರಾ?" ಎಂದೆ.

ಅವನು ಆಚೆ ನಿಂತ. ಅದು ಚಾವಿ ಆಗಿರಲಿಲ್ಲ, ಜೇಡರ ಬಲೆ.

ಹೊರಡುವಾಗ ಆ ಅಮ್ಮ ಮಾಮಿಯನ್ನು ಬದಿಗೆ ಕರೆದು ಕೇಳಿದರು, "ಹುಡುಗಿಗೆ ಕತ್ತಿನದ್ದು ಎಂತಾದ್ರೂ ತೊಂದರೆ ಉಂಟಾ?"

ಅವನ ಮುಖ ನನಗೆ ನೆನಪಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಆದರೆ ಡೈರಿಯಲ್ಲಿ 'ಒಳ್ಳೆಯ ಎತ್ತರ' ಎಂದಿದೆ. ಅದು ಮಾಡಿನದ್ದೋ ಅವನದ್ದೋ ಬರೆದಿಲ್ಲ.

ಕೊನೆಗೆ ಹಂಚು ಸಿಕ್ಕಿದ್ದು ಮಾಮಿಗೆ. ಮಳೆಗಾಲಕ್ಕೆ ಒಣಮೀನು ತುಂಬಿಸಿಡುವ ಸಮಯ. ಮಾಮಿ ಬಂದರಿಗೆ ಹೋಗಿದ್ದರು. ಅಲ್ಲಿ ಮೀನಿನ ವ್ಯಾಪಾರದ ಒಬ್ಬ ಹೆಂಗಸಿನ ಗೋಡೌನು. ಬ್ರಿಟಿಷರ ಕಾಲದ್ದು, ಅರ್ಧ ಗೋಡೆ ಕೆಂಪು ಕಲ್ಲು, ಬಾಗಿಲು ಆನೆ ನುಗ್ಗುವಷ್ಟು ಅಗಲ. ಮಾಮಿ ಸಿಗಡಿ ಕೈಯಲ್ಲಿ ಹಿಡಿದು ಅಭ್ಯಾಸ ಬಲದಿಂದ ತಲೆಯೆತ್ತಿದರು. ಮೇಲೆ ಸಾಲು ಸಾಲಾಗಿ ಎರಡು ಚಾವಿ.

ಮರುದಿನ ನನ್ನನ್ನು ಕರೆದುಕೊಂಡು ಹೋದರು. ಗೋಡೌನಿನ ಒಡತಿ ಅರುವತ್ತರ ಹತ್ತಿರದವರು, ಮೂಗಿನಲ್ಲಿ ಬಿಳಿಕಲ್ಲಿನ ಮೂಗುತಿ, ಸೊಂಟದಲ್ಲಿ ಚಾವಿಗೊಂಚಲು. ಅವರದ್ದು ಮೂರು ತಲೆಮಾರಿನ ಮೀನುಗಾರಿಕೆ. ಈಗ ಗಂಡುಮಕ್ಕಳು ಯಾಂತ್ರಿಕ ದೋಣಿ ನೋಡಿಕೊಳ್ಳುತ್ತಾರೆ, ವ್ಯಾಪಾರ ಇವರದ್ದೇ. ನಾನು ವಿಷಯವನ್ನೆಲ್ಲ ವಿವರಿಸಿದೆ. ವಿವರಿಸುತ್ತಿರುವಾಗ ನನಗೇ ಒಂದು ಸಂಗತಿ ಹೊಳೆದು ಮಾತು ನಿಧಾನವಾಯಿತು. ಊರಿನ ಹಳೆಯ ಕಟ್ಟಡ ಉಳಿಸಿ ಎಂದು ಪತ್ರಿಕೆಗೆ ಬರೆದವಳು ನಾನು. ಈಗ ಮರಳುಗಾಡಿನ ಒಂದು ಕಟ್ಟಡ ಉಳಿಸಲು ನನ್ನ ಊರಿನ ಇನ್ನೊಂದರ ತಲೆ ಬೋಳಿಸಲು ಹೊರಟಿದ್ದೆ.

"ತೆಗೀರಿ ಮಗಾ," ಎಂದರು ಅವರು. "ನಾನು ಹೇಗೂ ಸಿಮೆಂಟು ಶೀಟು ಹಾಕ್ಬೇಕು ಅಂತ ಇದ್ದೆ. ವರ್ಷ ವರ್ಷ ಹಂಚು ಸರಿ ಮಾಡ್ಸಿ ಸಾಕಾಗಿದೆ. ಶೀಟು ನೀವು ಹಾಕ್ಸಿ, ಹಂಚು ತೆಗೆದುಕೊಂಡು ಹೋಗಿ."

"ಇದು ಹಳೆಯ ಕಟ್ಟಡ. ಹಂಚು ತೆಗೆದರೆ..." ಎಂದು ನಾನು ನನ್ನ ಮನಸ್ಸಾಕ್ಷಿಗಾಗಿ ಶುರು ಮಾಡಿದೆ. ಮಾಮಿ ನನ್ನ ಕಾಲು ತುಳಿದರು.

"ಯಾರ ಮನೆಯವರು ನೀವು?" ಎಂದು ಅವರು ಕೇಳಿದರು. ಮಾಮಿ ಹೆಮ್ಮೆಯಿಂದ ದೊಡ್ಡ ಮಾಮನ ಹೋಟೆಲಿನ ಹೆಸರು ಹೇಳಿದರು. ಅಲ್ಲಿಗೆ ಮೂಗುತಿ ಹೊಳೆಯುವುದು ನಿಂತಿತು.

ಸಂಗತಿ ಇಷ್ಟು. ಹಲವು ವರ್ಷ ಹಿಂದೆ ಇವರೇ ಆ ಹೋಟೆಲಿಗೆ ಮೀನು ಹಾಕುತ್ತಿದ್ದರು. ಒಂದು ಬೆಳಿಗ್ಗೆ ದೊಡ್ಡ ಮಾಮ ಗಿರಾಕಿಗಳ ಎದುರಿನಲ್ಲಿ ಅಂಜಲು ಮೀನಿನ ಕಿವಿರು ಬಿಡಿಸಿ ನೋಡಿ, ಇದು ನಿನ್ನೆಯದ್ದು ಮಾರಾಯ್ತಿ ಎಂದು ಬುಟ್ಟಿ ವಾಪಸು ಕಳಿಸಿದ್ದರು.

"ನನ್ನ ಗಂಡ ಆವತ್ತು ಬೆಳಿಗ್ಗೆ ದಡಕ್ಕೆ ತಂದ ಮೀನು ಅದು. ಇನ್ನೂ ಬಾಲ ಆಡ್ತಾ ಇತ್ತು. ನಾನು ತಲೆಯಲ್ಲಿ ಬುಟ್ಟಿ ಹೊತ್ತುಕೊಂಡು ಪೇಟೆ ಇಡೀ ವಾಪಸು ಬಂದೆ. ಗಂಡ ಈಗ ಇಲ್ಲ. ಮಾತು ಉಂಟು." ಅವರು ಚಾವಿಗೊಂಚಲನ್ನು ಸೊಂಟಕ್ಕೆ ಸರಿಯಾಗಿ ಸಿಕ್ಕಿಸಿಕೊಂಡರು. "ಧನಿಗಳು ಇಲ್ಲಿಗೆ ಬಂದು ಕೇಳ್ಲಿ. ನಾಲ್ಕು ನೂರು ಎಂತಕ್ಕೆ, ಐನೂರು ಕೊಡ್ತೇನೆ."

ತಮ್ಮನು ಊರಿಗೆ ಮರಳಲಿ ಎಂದು ಎರಡು ವರ್ಷ ಕುರ್ಚಿ ಖಾಲಿ ಇಟ್ಟವರು ದೊಡ್ಡ ಮಾಮ. ಈಗ ಅವನು ಬಾರದೆ ಅಲ್ಲೇ ಉಳಿಯುವ ಹಾಗೆ ಮಾಡಲು ಅವರೇ ಹೋಗಿ ಒಬ್ಬ ಮೀನಿನ ಹೆಂಗಸಿನ ಎದುರು ತಲೆ ತಗ್ಗಿಸಬೇಕು. ಇದನ್ನು ಅವರಿಗೆ ಹೇಳುವವರು ಯಾರು? ಅಮ್ಮನನ್ನು ಕಳಿಸಿದೆವು.

ಅಮ್ಮ ಹೋಟೆಲಿನಲ್ಲಿ ಏನು ಹೇಳಿದರೋ ನನಗೆ ತಿಳಿಯದು. ವಾಪಸು ಬಂದು, "ಅಣ್ಣ ಎಲ್ಲ ಕೇಳಿದ್ರು. ಸಾಂಬಾರಿಗೆ ಉಪ್ಪು ಹಾಕ್ಲಿಕ್ಕೆ ಹೋದ್ರು" ಎಂದರು. ಮೂರು ದಿನ ಸುದ್ದಿಯಿಲ್ಲ. ಮಾಮಿ ಒಂದೊಂದು ದಿನವೂ ಆಕಾಶ ನೋಡುತ್ತಿದ್ದರು. ತೆಂಕಲಿಂದ ಸಣ್ಣ ಮೋಡ ಕಂಡರೂ, "ನೋಡು, ಬಂತು ಅವರ ಟಿಕೇಟು" ಎನ್ನುತ್ತಿದ್ದರು. ನಾಲ್ಕನೇ ದಿನ ಮಧ್ಯಾಹ್ನ ದೊಡ್ಡ ಮಾಮ ಒಗೆದ ಪಂಚೆ ಉಟ್ಟು ನಮ್ಮ ಮನೆಗೆ ಬಂದು, ಅಂಗಳದಲ್ಲೇ ನಿಂತು, "ಎಲ್ಲಿ ಅದು ಗೋಡೌನು?" ಎಂದರು.

ಗೋಡೌನಿನ ಹಿಂದೆಯೇ ಒಡತಿಯ ಮನೆ. ನಾವು ಬರುವುದು ಅವರಿಗೆ ಹೇಗೋ ಗೊತ್ತಾಗಿತ್ತು. ಎಲೆ ಹಾಕಿ ಆಗಿತ್ತು. ದೊಡ್ಡ ಮಾಮ ಕೇಳಬೇಕಾದದ್ದನ್ನು ಕೇಳಲು ಗಂಟಲು ಸರಿ ಮಾಡಿಕೊಂಡರು.

"ಮೊದಲು ಕೂತುಕೊಳ್ಳಿ ಧನಿಗಳೇ," ಎಂದರು ಒಡತಿ.

ಎಲೆಗೆ ಕುಚ್ಚಲಕ್ಕಿ ಅನ್ನ ಬಂತು, ಸಾರು ಬಂತು, ಆಮೇಲೆ ಅಂಗೈ ಅಗಲದ ಅಂಜಲಿನ ತುಂಡು, ಮಸಾಲೆ ಮೆತ್ತಿ ಕಾಯಿಸಿದ್ದು. ಒಡತಿ ಎದುರಿನ ಮಣೆಯಲ್ಲಿ ಕೂತು ದೊಡ್ಡ ಮಾಮನ ಬಾಯನ್ನೇ ನೋಡುತ್ತಿದ್ದರು. ಅವರ ಇಬ್ಬರು ಮಕ್ಕಳೂ ಬಾಗಿಲಿಗೆ ಬಂದು ನಿಂತರು. ದೊಡ್ಡ ಮಾಮ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಹೋಟೆಲಿನವರು ತಿನ್ನುವ ಕ್ರಮವೇ ಬೇರೆ. ಅವರು ಮೊದಲು ನಾಲಗೆಯಲ್ಲಿ ಇಟ್ಟುಕೊಂಡು ತಪ್ಪು ಹುಡುಕುತ್ತಾರೆ. ಹುಡುಕಿದರು. ತುಂಡು ಮುಗಿಯಿತು. ಇನ್ನೊಂದು ಬಂತು. ಅದೂ ಮುಗಿಯಿತು. ಮಾಮಿ ಅನ್ನವನ್ನು ಸುಮ್ಮನೆ ಕಲಸುತ್ತಲೇ ಇದ್ದರು.

ದೊಡ್ಡ ಮಾಮ ಎಲೆ ನೋಡುತ್ತಲೇ ಕೇಳಿದರು, "ಅಕ್ಕ, ಇನ್ನೊಂದು ತುಂಡು ಉಂಟಾ?"

ಅವರು ಯಾರನ್ನೂ ಹಾಗೆ ಕೇಳಿದ್ದನ್ನು ನಾನು ಅದಕ್ಕೆ ಮೊದಲು ಕಂಡದ್ದಿಲ್ಲ. ಒಡತಿ ಮಕ್ಕಳ ಕಡೆ ತಿರುಗಿ, "ಏಣಿ ತೆಗೀರಿ," ಎಂದರು.

ಇನ್ನು ಮುಂದಿನದ್ದು ನನಗೆ ಕಷ್ಟದ ಭಾಗ.

ಇಳಿಸಿದ ಹಂಚುಗಳನ್ನು ಗೋಡೌನಿನ ಅಂಗಳದಲ್ಲಿ ಜೋಡಿಸಿದಾಗ ಅವು ಕಪ್ಪಗಿದ್ದವು. ಎಷ್ಟೋ ಮಳೆಗಾಲದ ಪಾಚಿ ಒಣಗಿ ಕಟ್ಟಿದ್ದು ಮೇಲೆ, ಮೀನಿನ ಹೊಗೆ ಅಡಿಯಲ್ಲಿ. ಅಂಜಲು ತಿಂದಂದಿನಿಂದ ಬೇರೆಯೇ ಮನುಷ್ಯರಾಗಿದ್ದ ದೊಡ್ಡ ಮಾಮ, ಹೋಟೆಲಿನ ಪಾತ್ರೆ ತೊಳೆಯುವ ನಾಲ್ವರನ್ನು ಕರೆದುಕೊಂಡು ಬಂದರು. "ಗಲ್ಫಿಗೆ ಹೋಗುವ ಸಾಮಾನು. ಹೀಗೆ ಕಳಿಸಿದ್ರೆ ಊರಿನ ಮರ್ಯಾದೆ ಎಂತ?" ತೆಂಗಿನ ನಾರು, ಬೂದಿ, ಬಾವಿಯ ನೀರು. ಎರಡು ದಿನ ಉಜ್ಜಿದರು. ಒಡತಿಯೂ ಸೀರೆ ಎತ್ತಿ ಕಟ್ಟಿ ಉಜ್ಜಿದರು. ಹೊರಗೆ ಹೋಗುವವರಿಗೆ ತಲೆಗೆ ಎಣ್ಣೆ ಹಾಕಿ ಮೀಯಿಸಿ ಕಳಿಸುವ ಜನ ನಾವು. ಹಂಚನ್ನು ಬಿಡುತ್ತೇವೆಯೇ? ತೊಳೆದ ಮೇಲೆ ಅವು ಅಲ್ಲಲ್ಲಿ ಮಾಸಿ ಬಣ್ಣ ಬಣ್ಣವಾಗಿ ಕಂಡವು. ಅದಕ್ಕೆ ಕಾವಿ ಬಳಿಯಲಾಯಿತು. ಒಂದೊಂದಕ್ಕೂ ಮೇಲಿನಿಂದ ಒಳ್ಳೆಯ ಕೆಂಪು ಕಾವಿ. ಒಣಗಿದ ಮೇಲೆ ಅಂಗಳ ಇಡೀ ಮದುವೆ ಮನೆಯ ಹಾಗೆ ಇತ್ತು.

ಎಂಜಿನಿಯರಿಗೆ ಬೇಕಾಗಿದ್ದದ್ದು ಆ ಕಪ್ಪು. ಹಳೆಯ ಹಂಚಿನ ನಡುವೆ ಕೂರಿಸಿದರೆ ತಿಳಿಯದಂತೆ ಸೇರಿಕೊಳ್ಳುವ ಹಳತನ. ಇಷ್ಟು ಸಣ್ಣ ವಿಷಯ ಅಲ್ಲಿದ್ದ ಹತ್ತು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹತ್ತರಲ್ಲಿ ಒಬ್ಬಳು ಹಿಸ್ಟರಿ ಎಂ.ಎ.

ನಾನು ಯಾವಾಗಲೂ ಇದನ್ನು ಹೇಳುವಾಗ ಕಾವಿ ಬಳಿಸಿದ್ದು ದೊಡ್ಡ ಮಾಮ ಎಂದೇ ಹೇಳುತ್ತಿದ್ದೆ. ಹಾಗೆಯೇ ನೆನಪೂ ಇತ್ತು. ಅವರು ಸೊಂಟಕ್ಕೆ ಕೈಯಿಟ್ಟು ನಿಂತಿರುವುದು, ಡಬ್ಬಿ, ಬ್ರಶ್ಶು, ಎಲ್ಲ ಕಣ್ಣಿಗೆ ಕಟ್ಟಿದೆ. ಈಚೆಗೆ ಡೈರಿ ತೆಗೆದು ನೋಡಿದೆ. ಆ ದಿನದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಮೂರು ಸಾಲು: 'ತೊಳೆದು ಆಯಿತು. ಕಾವಿ ಬಳಿದರೆ ಒಳ್ಳೆಯದು ಎಂದು ನಾನು ಹೇಳಿದೆ. ಚಂದ ಆಯಿತು.' ವಾರ ಹೊಂದದ ಡೈರಿ ಎಂದು ಮೊದಲೇ ಹೇಳಿದ್ದೇನೆ, ಆದರೆ ಅಕ್ಷರ ಹೊಂದುತ್ತದೆ.

ಹಂಚುಗಳನ್ನು ಬೈಹುಲ್ಲಿನಲ್ಲಿ ಸುತ್ತಿ, ಪೆಟ್ಟಿಗೆಗಳಲ್ಲಿ ತುಂಬಿ ಮಂಜಿಗೆ ಏರಿಸಿದೆವು. ಕಸ್ಟಮ್ಸಿನವರು ಒಂದು ಪೆಟ್ಟಿಗೆ ಬಿಚ್ಚಿಸಿ ನೋಡಿ, "ಹಳೆಯ ಹಂಚು ಅಂತ ಬರೆದಿದ್ದೀರಿ, ಇದು ಹೊಸದಲ್ಲವಾ?" ಎಂದು ಕೇಳಿದರು. ದೊಡ್ಡ ಮಾಮ ಸಂತೋಷದಿಂದ ಉಬ್ಬಿಹೋದರು. ಮಂಜಿ ಹೊರಟು ನಾಲ್ಕು ದಿನಕ್ಕೆ ಮಳೆ ಹಿಡಿಯಿತು.

ಆಷಾಢದಲ್ಲಿ ಸಣ್ಣ ಮಾಮನ ಕಾಗದ ಬಂತು. ಸಣ್ಣ ಕಾಗದ. ಪೆಟ್ಟಿಗೆ ತೆರೆದಾಗ ಎಂಜಿನಿಯರ್ ಟೊಪ್ಪಿ ತೆಗೆದು ನೆಲಕ್ಕೆ ಹಾಕಿದನಂತೆ. ಅದು ಗೌರವಕ್ಕೆ ಎಂದು ಸಣ್ಣ ಮಾಮ ಮೊದಲು ತಿಳಿದರಂತೆ. ಬೇರೆ ಹಂಚಿಲ್ಲದ ಕಾರಣ ಅದನ್ನೇ ಹೊದೆಸಿ ಆಗಿದೆ, ಅರ್ಧ ಮಾಡು ಕಪ್ಪು, ಅರ್ಧ ಕೆಂಪು, ಹಳ್ಳದಾಚೆಯಿಂದಲೂ ಕಾಣುತ್ತದೆ. ಮನೆಯ ಯಜಮಾನ ನೋಡಲು ಬರುತ್ತಾನೆ. ಅವನು ಬಂದು ಹೋದ ಮೇಲೆ ತನ್ನ ಟಿಕೇಟು. 'ಈ ಕಾವಿ ಬಳಿದ ಪುಣ್ಯಾತ್ಮರು ಯಾರು?'

ಮಾಮಿ ಕಾಗದ ಮಡಚಿದರು. ಅಷ್ಟರಲ್ಲಿ ದೊಡ್ಡ ಮಾಮ ಕೊಡೆ ಜಾಡಿಸುತ್ತ ಒಳಗೆ ಬಂದರು.

"ಭಾವ, ನೀವು ಬೇಕಂತಲೇ ಮಾಡಿದ್ದಾ?"

"ಎಂತದ್ದು?"

"ಕಾವಿ. ಅವರು ವಾಪಸು ಬರ್ಲಿ ಅಂತ."

ದೊಡ್ಡ ಮಾಮನ ಮುಖ ನಾನು ನೋಡಿದೆ. ಅವರು ಏನಾದರೂ ಹೇಳಿದ್ದರೆ ನಾನೂ ಹೇಳುತ್ತಿದ್ದೆ ಎಂದುಕೊಳ್ಳುತ್ತೇನೆ. ಅವರು ಕೊಡೆಯನ್ನು ಮತ್ತೆ ಬಿಡಿಸಿ ಮಳೆಗೆ ಇಳಿದು ಹೋದರು. ನಾನು ಎಂತಕ್ಕೆ ಸುಮ್ಮನಿದ್ದೆ ಎಂಬುದಕ್ಕೆ ಡೈರಿಯಲ್ಲಿ ಉತ್ತರ ಇಲ್ಲ. ಆ ವಾರ ಇಡೀ ಖಾಲಿ.

ಮೂರು ವಾರ ಮಾಮಿ ದೊಡ್ಡ ಮಾಮನಿಗೆ ಚಾ ಕೊಡಲಿಲ್ಲ. ಆಮೇಲೆ ಇನ್ನೊಂದು ಕಾಗದ ಬಂತು, ಉದ್ದದ್ದು. ಯಜಮಾನ ಮುದುಕ, ತೊಂಬತ್ತರ ಹತ್ತಿರ. ಮೊಮ್ಮಕ್ಕಳು ಹಿಡಿದುಕೊಂಡು ಬಂದರು. ಕೆಂಪು ಮಾಡನ್ನು ನೋಡಿ, ತಾನು ಹುಡುಗನಾಗಿದ್ದಾಗ ಮಂಗಳೂರಿನಿಂದ ಹಡಗಿನಲ್ಲಿ ಹಂಚು ಬಂದು ಇಳಿದದ್ದು ಹೀಗೆಯೇ, ಇದೇ ಕೆಂಪು, ಈಗ ಸರಿಯಾಯಿತು ಎಂದನಂತೆ. ಉಳಿದ ಕಪ್ಪು ಹಂಚಿಗೂ ಕಾವಿ ಬಳಿಯಿರಿ ಎಂದು ಹುಕುಂ ಆಯಿತು. ಎಂಜಿನಿಯರ್ ಸೋತ. ಸಣ್ಣ ಮಾಮ ಆ ಮನೆಯ ಮೇಲ್ವಿಚಾರಕರಾದರು. ಬಿಸಿಲಿಗೆ ಬಣ್ಣ ಮಾಸುತ್ತದೆ, ವರ್ಷಕ್ಕೊಮ್ಮೆ ಬಳಿಯಬೇಕು, ಅದಕ್ಕೆ ಎಕ್ಸ್‌ಪರ್ಟ್ ಬೇಕಲ್ಲ.

ದೊಡ್ಡ ಮಾಮ ಆ ಕಾಗದವನ್ನು ಹೋಟೆಲಿನಲ್ಲಿ ಎರಡು ಸಲ ಓದಿಸಿಕೊಂಡರು. ಎರಡನೇ ಸಲ ಓದುವಾಗ ಕ್ಯಾಶಿನ ಕುರ್ಚಿಯಲ್ಲಿ ಕೂತುಬಿಟ್ಟರು. ಆಮೇಲೆ ಅಲ್ಲೇ ಕೂತರು.

ಮರುವರ್ಷದ ಮರುವರ್ಷ ಸಣ್ಣ ಮಾಮ ರಜೆಯಲ್ಲಿ ಬಂದರು. ಆಗ ನನಗೆ ಕಾಲೇಜಿನಲ್ಲಿ ಕೆಲಸ ಸಿಕ್ಕಿತ್ತು. ಆ ಮುದುಕನ ಮಾತನ್ನು ನಾನು ಕ್ಲಾಸಿನಲ್ಲಿ ಹೇಳುತ್ತಿದ್ದೆ. ಕಟ್ಟಡದ ನಿಜವಾದ ರೂಪ ಯಾವುದು, ಕಟ್ಟಿದ ದಿನದ್ದೋ, ಇವತ್ತಿನದ್ದೋ ಎಂದೆಲ್ಲ. ಒಂದು ಸಂಜೆ ಚಾವಡಿಯಲ್ಲಿ ಎಲ್ಲರೂ ಕೂತಿರುವಾಗ, ಅವನು ಸರಿಯಾಗಿ ಏನು ಹೇಳಿದ, ಯಾವ ಶಬ್ದ ಹೇಳಿದ ಎಂದು ಕೇಳಿದೆ. ಬರೆದುಕೊಳ್ಳಲು ಪೆನ್ನೂ ಹಿಡಿದಿದ್ದೆ.

ಸಣ್ಣ ಮಾಮ ದೊಡ್ಡ ಮಾಮನ ಮುಖ ನೋಡಿದರು. "ಹೇಳಿದ್ದಾ? ಹೇಳ್ಲಿಲ್ಲ ಮಗಾ. ಅವನಿಗೆ ಕಿವಿಯೂ ಇಲ್ಲ, ಮಾತೂ ಅಷ್ಟಕ್ಕಷ್ಟೆ. ಬಂದ, ಮೇಲೆ ನೋಡಿದ, ಜಗಲಿಯಲ್ಲಿ ಕೂತ. ಚಾ ಬೇಕು ಅಂತ ಕೈ ಮಾಡಿದ. ಒಂದು ಗಂಟೆ ಕೂತ. ಎಂಜಿನಿಯರ್ ನನ್ನತ್ರ ಕೇಳಿದ, ಎಂತ ಹೇಳ್ತಾನೆ ಅಂತ. ನಾನು ಹೇಳಿದೆ."

"ಅಂದ್ರೆ ಸುಳ್ಳು," ಎಂದರು ಮಾಮಿ.

"ಸುಳ್ಳು ಎಂತದ್ದು? ಇಷ್ಟ ಆಗದವ ಒಂದು ಗಂಟೆ ಕೂರ್ತಾನಾ?"

ನನ್ನ ಕ್ಲಾಸಿನ ಪಾಠ ಅಲ್ಲಿಗೆ ಹೋಯಿತು. ಆ ಧೈರ್ಯದಲ್ಲೇ ಇರಬೇಕು, ನಾನೂ ಹೇಳಿಬಿಟ್ಟೆ. "ಕಾವಿ ಬಳಿಯಲಿಕ್ಕೆ ಹೇಳಿದ್ದು ದೊಡ್ಡ ಮಾಮ ಅಲ್ಲ ಮಾಮಿ. ನಾನು ಅಂತ ಕಾಣ್ತದೆ." ಆಗ ನಾನು ಇದನ್ನು ಹೇಳಿದೆ ಎಂದೇ ಬರೆಯುತ್ತಿದ್ದೇನೆ, ಆದರೆ ಡೈರಿ ತೆಗೆದು ನೋಡಿದ್ದು ಈಚೆಗೆ ಎಂದು ಮೇಲೆ ಬರೆದಿದ್ದೇನೆ. ಎರಡರಲ್ಲಿ ಒಂದು ತಪ್ಪು. ಯಾವುದು ಎಂದು ತಿಳಿಯದೆ ಎರಡನ್ನೂ ಬಿಟ್ಟಿದ್ದೇನೆ. ದೊಡ್ಡ ಮಾಮ ಹೇಳಿದ್ದು ಮಾತ್ರ ಕಿವಿಯಲ್ಲಿದೆ:

"ನೀನಾ? ನಾನು ಅಂತಲೇ ನಂಗೂ ನೆನಪು ಮಾರಾಯ್ತಿ. ಎರಡು ವರ್ಷ ಬೈಗುಳ ತಿಂದದ್ದು ಸುಮ್ಮನೆಯಾ?"

ಮಾಮಿ ಎದ್ದು ಹೋಗಿ ಅವರಿಗೆ ಚಾ ತಂದರು.

ರಜೆ ಮುಗಿದು ಸಣ್ಣ ಮಾಮ ಮುಂಬಯಿ ಬಸ್ಸು ಹತ್ತುವ ದಿನ ನಾವೆಲ್ಲ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆವು. ಬಸ್ಸು ಹೊರಡಲಿಕ್ಕಾದಾಗ ದೊಡ್ಡ ಮಾಮ ಓಡುತ್ತ ಬಂದರು. ಕೈಯಲ್ಲಿ ಪೇಪರಿನಲ್ಲಿ ಸುತ್ತಿ ಬಾಳೆನಾರಿನಲ್ಲಿ ಕಟ್ಟಿದ ಒಂದು ಪೊಟ್ಟಣ. ಕಿಟಕಿಯಲ್ಲಿ ತುರುಕಿದರು.

"ಕಾವಿ. ಬಂದರಿನದ್ದು. ಅಲ್ಲಿಯ ಬಣ್ಣ ನಂಬಬೇಡ."

"ಅಲ್ಲಿ ಸಿಗ್ತದೆ ಅಣ್ಣ."

"ಇದು ತೆಗೆದುಕೊಂಡು ಹೋಗು. ಎರಡು ಕೋಟ್ ಹೊಡಿ, ಎರಡೂ ತೆಳ್ಳಗೆ. ಮುಗಿದ್ರೆ ಬರೆ."

ಮುಂಬಯಿಯಿಂದ ಸಣ್ಣ ಮಾಮ ಹಾಕಿದ ಕಾರ್ಡು ಐದನೇ ದಿನ ಬಂತು. ಪೊಟ್ಟಣ ಬಸ್ಸಿನಲ್ಲಿ ಒಡೆದು ಬಿಳಿ ಪ್ಯಾಂಟು ಕೆಂಪಾಗಿ, ಪಕ್ಕದ ಸೀಟಿನವರ ಮಗುವೂ ಕೆಂಪಾಗಿ, ದಾರಿಯಿಡೀ ಮಾತು ಕೇಳಬೇಕಾಯಿತಂತೆ. ಅರ್ಧ ಉಳಿದಿದೆ, ಒಂದು ಕೋಟ್‌ಗೆ ಸಾಕು, ಅಣ್ಣನಿಗೆ ಹೇಳಿ, ಎಂದಿತ್ತು. ನಾನು ಹೋಟೆಲಿಗೆ ಹೋಗಿ ಓದಿ ಹೇಳಿದೆ. ದೊಡ್ಡ ಮಾಮ ಕ್ಯಾಶಿಗೆ ಬೀಗ ಹಾಕಿ, ಮೊಳೆಯಲ್ಲಿದ್ದ ಅಂಗಿ ತೆಗೆದುಕೊಂಡರು.

"ಒಂದು ಕೋಟ್ ಸಾಕಾಗುದಿಲ್ಲ," ಎಂದು ಬಂದರಿಗೆ ಹೊರಟರು.